ಕತ್ತಿ ಎತ್ತುವ ಮೊದಲು ಅರ್ಧ ದಿನ ಸುಮ್ನೆ ಕೂತು ನೋಡಿ

ಕಳೆದ ತಿಂಗಳು ಈ ಅಂಕಣದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೆ: ‘ಕಾಡು ಬೆಳೆಸುವವರಿಗೆ ಗಿಡ ನೆಡುವುದು ಕೊನೆಯ ಕೆಲಸ.’ ವನಮಹೋತ್ಸವದ ಹೊತ್ತಿಗೆ ಹೀಗೆಲ್ಲ ಬರೆಯಬಾರದಿತ್ತೇನೋ. ಕೆಲವರು ಬೈದಿದ್ದಾರೆ, ಕೆಲವರು ‘ಹಾಗಾದರೆ ಮೊದಲ ಕೆಲಸ ಯಾವುದು’ ಎಂದು ಕೇಳಿದ್ದಾರೆ. ಬೈದವರಿಗೆ ಉತ್ತರವಿಲ್ಲ. ಕೇಳಿದವರಿಗೆ ಈ ಸಲದ ಅಂಕಣ ಪೂರ್ತಿ ಮೀಸಲು.

ಪ್ರಶ್ನೆ: ನಮ್ಮ ಮಾಲ್ಕಿ ಜಾಗದ 3 ಎಕರೆಯಲ್ಲಿ ಅಪ್ಪ ಅಕೇಶಿಯಾ ಹಾಕಿದ್ದರು. ಇಪ್ಪತ್ತು ವರ್ಷ ದಾಟಿದೆ. ಪೂರ್ತಿ ಕಡಿಸಿ ನಮ್ಮ ಕಾಡುಜಾತಿ ಗಿಡ ನೆಡೋಣ ಅಂತಿದ್ದೇನೆ. ಒಂದೇ ಸಲ ಕಡಿದರೆ ಒಳ್ಳೆ ರೇಟು ಕೊಡುತ್ತೇನೆ ಎಂದು ವ್ಯಾಪಾರಿ ಹೇಳುತ್ತಾನೆ. ಕಡಿಸಲಾ? (ಸಿದ್ದಾಪುರದ ಓದುಗರು)

ಬೇಡ. ಒಂದೇ ಸಲ ಬೇಡ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ, ದುಡ್ಡು ಕಳೆದುಕೊಂಡು ಹೇಳುತ್ತಿದ್ದೇನೆ. ನಿಮ್ಮ ಹಾಗೇ ನನಗೂ ಅಕೇಶಿಯಾ ಕಂಡರೆ ಆಗುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಒಂದೂವರೆ ಎಕರೆ ಬೋಳಿಸಿದೆ. ಮಳೆಗಾಲಕ್ಕೆ ಹೊನ್ನೆ, ಮತ್ತಿ, ನೇರಳೆ ಎಲ್ಲ ಸೇರಿ ಆರುನೂರು ಸಸಿ ತಂದು ನೆಟ್ಟೆ, ಫೋಟೋನೂ ತೆಗೆಸಿಕೊಂಡೆ. ದೀಪಾವಳಿಗೆ ಹೋಗಿ ನೋಡಿದರೆ ಸಸಿ ಎಲ್ಲಿದೆ ಅಂತಲೇ ಗೊತ್ತಾಗದಷ್ಟು ಯುಪಟೋರಿಯಂ ಎದ್ದಿತ್ತು. ಅದನ್ನು ಸವರಲು ಆಳು ಹಾಕಿದೆ. ಆಳುಗಳು ಕಳೆಯ ಜೊತೆಗೆ ನನ್ನ ಸಸಿಗಳನ್ನೂ ಸವರಿದರು. ಮಾರ್ಚಿನಲ್ಲಿ ಪಕ್ಕದ ಗುಡ್ಡದಿಂದ ಬೆಂಕಿ ಬಂತು. ಮರುವರ್ಷ ಆ ಜಾಗದಲ್ಲಿ ತಲೆಯೆತ್ತಿದ್ದು ಏನು ಗೊತ್ತಾ? ಅಕೇಶಿಯಾ! ಸಾವಿರಾರು ಸಸಿ, ಭತ್ತದ ಅಗೆ ಹಾಕಿದ ಹಾಗೆ. ಅದರ ಬೀಜದ ಸಿಪ್ಪೆ ಕಲ್ಲಿನ ಹಾಗಿರುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಬೆಂಕಿಯ ಬಿಸಿ ತಾಗಿದರೆ ಸಿಪ್ಪೆ ಬಿರಿದು ಎದ್ದು ಬರುತ್ತದೆ. ಅಂದರೆ ನಾನು ದುಡ್ಡು ಕೊಟ್ಟು ಅಕೇಶಿಯಾ ಬಿತ್ತಿದ ಹಾಗಾಯಿತು.

ನಾನು ಮಾಡದೇ ಬಿಟ್ಟ ಕೆಲಸವನ್ನು ನೀವು ಮೊದಲು ಮಾಡಿ. ಒಂದು ಬೆಳಿಗ್ಗೆ ಹಗ್ಗ ಹಿಡಿದು ಹೋಗಿ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚೌಕ ಮಾಡಿ, ಜಾಗದ ಬೇರೆ ಬೇರೆ ಕಡೆ ಏಳೆಂಟು ಇರಲಿ. ಪ್ರತಿ ಚೌಕದೊಳಗೆ ಮೊಣಕಾಲಿಗಿಂತ ಎತ್ತರದ ಕಾಡುಗಿಡ ಎಷ್ಟಿವೆ, ಯಾವ್ಯಾವು ಎಂದು ಎಣಿಸಿ ಬರೆದುಕೊಳ್ಳಿ. ಹತ್ತಿರದಲ್ಲಿ ಒಂದಿಷ್ಟು ಹಳೇ ಕಾಡು, ಕಾನು (ಊರಿನವರು ಕಾಪಾಡಿಕೊಂಡು ಬಂದ ದಟ್ಟ ಹಸಿರುಕಾಡು) ಅಥವಾ ದೇವರ ಬನ ಇದ್ದರೆ ನಿಮಗೆ ಆಶ್ಚರ್ಯವಾಗುತ್ತದೆ. ಪಿಕಳಾರ, ಮಂಗಟ್ಟೆ, ಕಬ್ಬೆಕ್ಕು ಇವೆಲ್ಲ ಇಪ್ಪತ್ತು ವರ್ಷದಿಂದ ಸಂಬಳವಿಲ್ಲದೆ ನಿಮ್ಮ ಜಾಗದಲ್ಲಿ ಬೀಜ ಬಿತ್ತಿವೆ. ಸಳ್ಳೆ, ನೇರಳೆ, ದಾಲ್ಚಿನ್ನಿ, ಬೈನೆ ಬಂದಿರುತ್ತವೆ. ನೆರಳು ಗಟ್ಟಿಯಿದ್ದ ಕಡೆ ಹೈಗ, ಉಪ್ಪಾಗೆಯೂ ಇರಬಹುದು.

ನಾವು ಬೈಯುವ ಅಕೇಶಿಯಾ ಇಲ್ಲಿ ಒಂದು ಉಪಕಾರ ಮಾಡಿದೆ, ಹೇಳಿಬಿಡುತ್ತೇನೆ. ಅದು ನಮ್ಮ ಮರವಲ್ಲ. ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯದು. ಅದರ ಎಲೆ ಎಲೆಯೇ ಅಲ್ಲ, ಎಲೆಯ ತೊಟ್ಟು ಚಪ್ಪಟೆಯಾಗಿದ್ದು, ಹಾಗಾಗಿ ಬಿದ್ದರೆ ಬೇಗ ಕೊಳೆಯುವುದಿಲ್ಲ. ಹಸು ಮೂಸುವುದಿಲ್ಲ. ಎಲ್ಲ ನಿಜ. ಆದರೆ ಬೇರಿನಲ್ಲಿ ಸಾರಜನಕ ಹಿಡಿಯುತ್ತದೆ, ಬೋಳುಗುಡ್ಡದಲ್ಲಿ ನೆರಳು ಕೊಡುತ್ತದೆ, ನೆರಳಿನಿಂದ ಕಳೆಯನ್ನು ಅಡಗಿಸುತ್ತದೆ. ಬಾಳೆಯ ನೆರಳಲ್ಲಿ ಅಡಿಕೆ ಸಸಿ ಏಳಿಸುವುದಿಲ್ಲವಾ, ಅದೇ ಲೆಕ್ಕ. ಅಕೇಶಿಯಾ ನಿಮ್ಮ ಬಾಳೆ. ಅಡಿಕೆ ಏಳುವ ಮೊದಲೇ ಬಾಳೆ ಕಡಿಯುತ್ತೀರಾ?

ಎಣಿಕೆ ಮುಗಿದ ಮೇಲೆ ಮೂರು ಕಂತಿನಲ್ಲಿ ಕಡಿಯಿರಿ. ಮೊದಲ ಕಂತಿನಲ್ಲಿ ಸುಮಾರು ಮೂರನೇ ಒಂದು ಭಾಗ, ಅದೂ ಸಾಲು ಹಿಡಿದು ಅಲ್ಲ. ಯಾವ ಅಕೇಶಿಯಾದ ಬುಡದಲ್ಲಿ ಕಾಡುಗಿಡ ಎದ್ದು ಬೆಳಕಿಗೆ ಒದ್ದಾಡುತ್ತಿದೆಯೋ ಆ ಮರ ಮೊದಲು. ಮರ ಯಾವ ಕಡೆ ಬೀಳಬೇಕು ಎಂದು ನೀವೇ ನಿಂತು ತೋರಿಸಿ. ಇಲ್ಲದಿದ್ದರೆ ಹತ್ತು ವರ್ಷ ಬೆಳೆದ ದಾಲ್ಚಿನ್ನಿ ಒಂದು ನಿಮಿಷದಲ್ಲಿ ಮುರಿಯುತ್ತದೆ. ನಾಲ್ಕೈದು ವರ್ಷ ಬಿಟ್ಟು ಎರಡನೇ ಕಂತು, ಮತ್ತೆ ಅಷ್ಟೇ ವರ್ಷ ಬಿಟ್ಟು ಮೂರನೆಯದು. ಏನೂ ಹುಟ್ಟದ ಕಡೆ ಮಾತ್ರ ಸಸಿ ನೆಡಿ, ಒಂದು ಮರದ ಎತ್ತರದಷ್ಟು ಅಗಲದ ಕಿಂಡಿ ಮಾಡಿ ಅದರೊಳಗೆ. ಹೊನ್ನೆ, ನಂದಿಯಂಥ ಬಿಸಿಲು ಕೇಳುವ ಜಾತಿಗಳನ್ನು ಕಿಂಡಿಯ ನಡುವೆ, ನೆರಳು ತಡೆಯುವ ಹಲಸು, ಉಪ್ಪಾಗೆ, ರಾಮಪತ್ರೆಯನ್ನು ಅಂಚಿಗೆ. ರಾಮಪತ್ರೆಗೆ ತೇವದ ಕಡೆ ನೋಡಿ.

ವ್ಯಾಪಾರಿ ಕೊಡುವ ರೇಟು ಕಡಿಮೆಯಾಗುತ್ತದೆ, ಅದು ಸುಳ್ಳಲ್ಲ. ಆದರೆ ಮೂರು ಸಲ ದುಡ್ಡು ಬರುತ್ತದೆ, ಉಳಿದ ಮರ ಆ ವರ್ಷಗಳಲ್ಲಿ ದಪ್ಪವೂ ಆಗುತ್ತದೆ. ಕಡಿಯಲು, ಸಾಗಿಸಲು ಏನೇನು ಕಾಗದ ಬೇಕು ಎಂದು ರೇಂಜ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಮತ್ತೆ ಇಷ್ಟೆಲ್ಲ ಮಾಡಿ, ಜಾಗದ ಸುತ್ತ ಒಣಗಿದ್ದನ್ನೆಲ್ಲ ಸವರಿ ಬೆಂಕಿ ರೇಖೆ ಎಳೆಯದಿದ್ದರೆ ಎಲ್ಲಾ ನೀರುಪಾಲು. ಅಲ್ಲ, ಬೆಂಕಿಪಾಲು.

ಪ್ರಶ್ನೆ: ನಮ್ಮ ಸೊಪ್ಪಿನ ಬೆಟ್ಟದಲ್ಲಿ ದೊಡ್ಡ ಮತ್ತಿ, ಹೊನ್ನೆ ಮರಗಳಿವೆ. ಆದರೆ ಅವುಗಳ ಕೆಳಗೆ ಒಂದು ಮರಿ ಗಿಡವೂ ಇಲ್ಲ. ಮಣ್ಣಿಗೆ ಗೊಬ್ಬರ ಹಾಕಬೇಕಾ? (ಶಿರಸಿಯ ಓದುಗರು)

ಗೊಬ್ಬರ ಬೇಡ. ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವುದನ್ನು ನಿಲ್ಲಿಸಿ, ಸಾಕು.

ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಸೊಪ್ಪಿಗೆಂದು 9 ಎಕರೆಯವರೆಗೂ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಇದೆ. ಜಾಗ ಸರ್ಕಾರದ್ದು, ಸೊಪ್ಪು ದರಕಿನ ಹಕ್ಕು ತೋಟದವರದು. ಆ ಲೆಕ್ಕ ಹಾಕಿದವರು ಬೆಟ್ಟಕ್ಕೆ ಉಸಿರಾಡಲು ಪುರಸೊತ್ತು ಇರಲಿ ಎಂದೇ ಅಷ್ಟು ಜಾಗ ಬಿಟ್ಟಿದ್ದರೋ ಏನೋ. ನಾವು ಮಾಡುವುದೇನು? ಮನೆ ಹತ್ತಿರದ, ಗಾಡಿ ಹೋಗುವ ಎರಡು ಎಕರೆಯಲ್ಲೇ ವರ್ಷಾ ವರ್ಷ ಸೊಪ್ಪು ಕಡಿಯುತ್ತೇವೆ, ಅಲ್ಲೇ ದರಕು ಗುಡಿಸುತ್ತೇವೆ, ಅಲ್ಲೇ ದನ ಬಿಡುತ್ತೇವೆ. ತುದಿಯವರೆಗೆ ಸೊಪ್ಪು ಕಡಿಸಿಕೊಂಡ ಮರ ಹೂ ಬಿಡುವುದು ಎಲ್ಲಿಂದ? ಬಿಟ್ಟರೂ ಬೀಜ ಬೀಳುವುದು ಸಿಮೆಂಟಿನಂತೆ ಗಟ್ಟಿಯಾದ ನೆಲದ ಮೇಲೆ. ಅಪ್ಪಿತಪ್ಪಿ ಮೊಳೆತರೆ ದನದ ಬಾಯಿಗೆ.

ಕಾಡು ಎಂದರೆ ಬರೀ ಅಜ್ಜ ಮರಗಳಲ್ಲ. ಅಜ್ಜ, ಅಪ್ಪ, ಮಗ, ತೊಟ್ಟಿಲ ಕೂಸು ನಾಲ್ಕೂ ಒಂದೇ ಮನೆಯಲ್ಲಿರಬೇಕು. ನಿಮ್ಮ ಬೆಟ್ಟ ಮಕ್ಕಳೆಲ್ಲ ಬೆಂಗಳೂರು ಸೇರಿದ ನಮ್ಮೂರ ಮನೆಗಳ ಹಾಗಿದೆ, ಅಜ್ಜ ಹೋದರೆ ಬೀಗ.

ಬೆಟ್ಟವನ್ನು ನಾಲ್ಕು ಪಾಲು ಮಾಡಿ. ಒಂದು ಪಾಲಿನಲ್ಲಿ ಐದಾರು ವರ್ಷ ಕತ್ತಿಯೂ ಇಲ್ಲ, ಪೊರಕೆಯೂ ಇಲ್ಲ, ದನವೂ ಇಲ್ಲ. ಅಲ್ಲಿ ಗಿಡಗಳು ದನದ ಬಾಯಿಗೆ ಸಿಗದಷ್ಟು ಎತ್ತರ ಹೋದ ಮೇಲೆ ಮುಂದಿನ ಪಾಲು. ಉಳಿದ ಕಡೆ ಸೊಪ್ಪು ಕಡಿಯುವಾಗ ಮರದ ನೆತ್ತಿ ಬಿಡಿ, ಕೆಳಗಿನ ಕೊಂಬೆ ಸಾಕು. ಕವಳಿ ಮಟ್ಟಿಯಂಥ ಮುಳ್ಳುಪೊದೆಗಳನ್ನು ದಯವಿಟ್ಟು ‘ಸ್ವಚ್ಛ’ ಮಾಡಬೇಡಿ. ಮುಳ್ಳಿನ ನಡುವೆ ಹುಟ್ಟಿದ ಮತ್ತಿ ಗಿಡಕ್ಕೆ ಅದೇ ಬೇಲಿ. ಖರ್ಚಿಲ್ಲದ ಬೇಲಿ.

ಇನ್ನೊಂದು ಮಾತು. ಡಿಸೆಂಬರ್‌ನಿಂದ ಮೇವರೆಗೆ ಬೆಟ್ಟದಲ್ಲಿ ಕೆಲಸ ಮಾಡುವಾಗ ಉಣುಗು ಕಚ್ಚದಂತೆ ಮೈತುಂಬ ಬಟ್ಟೆ ಹಾಕಿ. ಮಂಗ ಸತ್ತದ್ದು ಕಂಡರೆ ಆ ಕಡೆ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಇನ್ನೂ ಹೋಗಿಲ್ಲ.

ಪ್ರಶ್ನೆ: ಬೀಜದುಂಡೆ ಎಸೆದರೆ ಕಾಡಾಗುತ್ತದಾ? (ತುಮಕೂರಿನ ಶಿಕ್ಷಕಿ)

ಮಕ್ಕಳಿಗೆ ಖುಷಿಯಾಗುತ್ತದೆ. ಅದೇನೂ ಸಣ್ಣ ಲಾಭ ಅಲ್ಲ. ಆದರೆ ಅರ್ಧ ದಿನ ಉಂಡೆ ಕಟ್ಟಿಸಿ, ಇನ್ನರ್ಧ ದಿನ ಅದೇ ಮಕ್ಕಳಿಂದ ಗುಡ್ಡದಲ್ಲಿ ತಾನಾಗಿ ಹುಟ್ಟಿದ ಗಿಡಗಳನ್ನು ಹುಡುಕಿಸಿ, ಪಕ್ಕದಲ್ಲಿ ಕೋಲು ನೆಡಿಸಿ, ಸುತ್ತ ಹುಲ್ಲು ಕೀಳಿಸಿ. ಮರುವರ್ಷ ಎರಡನ್ನೂ ಎಣಿಸಿ. ಯಾವುದು ಜಾಸ್ತಿ ಬದುಕಿತು ಎಂದು ನನಗೆ ಬರೆದು ಕಳಿಸಿ. ಏನು ಬರುತ್ತದೆ ಎಂದು ನನಗೆ ಅಂದಾಜಿದೆ, ಆದರೂ ಮಕ್ಕಳ ಅಕ್ಷರದಲ್ಲಿ ಓದಬೇಕು.

ಪ್ರಶ್ನೆ: ನಾನು ಅರಣ್ಯಶಾಸ್ತ್ರದ ವಿದ್ಯಾರ್ಥಿ. ಪಾಠದಲ್ಲಿ ‘ಪರಿಸರ ಆಧಾರಿತ ವನಕೃಷಿ’ ಎಂದು ಬಂತು (ವನಕೃಷಿ ಎಂದರೆ ಕಾಡು ಬೆಳೆಸಿ, ನೋಡಿಕೊಂಡು, ಮರ ತೆಗೆಯುವ ವಿದ್ಯೆ). ಹಳೆಯ ವನಕೃಷಿಗೂ ಇದಕ್ಕೂ ಏನು ವ್ಯತ್ಯಾಸ? ಮರ ಕಡಿಯುವುದಂತೂ ಎರಡರಲ್ಲೂ ಇದೆ ಅಲ್ವಾ? (ಕೊಡಗಿನಲ್ಲಿ ಓದುತ್ತಿರುವ ಬಳ್ಳಾರಿ ಹುಡುಗ)

ಇದೆ. ಕತ್ತಿ ಎರಡರಲ್ಲೂ ಇದೆ. ಕೇಳುವ ಪ್ರಶ್ನೆ ಬೇರೆ. ಹಳೆಯದು ಕೇಳುತ್ತಿದ್ದುದು ‘ಇಲ್ಲಿಂದ ಎಷ್ಟು ಟನ್ ತೆಗೆಯಬಹುದು’ ಎಂದು. ಹೊಸದು ಕೇಳುವುದು ‘ತೆಗೆದ ಮೇಲೆ ಇಲ್ಲಿ ಏನು ಉಳಿಯುತ್ತದೆ’ ಎಂದು.

ಕಾಡಿನಲ್ಲಿ ತಾನಾಗಿ ಮರ ಹೇಗೆ ಸಾಯುತ್ತದೆ ನೋಡಿ. ಗಾಳಿಗೆ ಒಂದು ಮುದಿ ಮರ ಬೀಳುತ್ತದೆ, ಜೊತೆಗೆ ಎರಡು ಮೂರನ್ನು ಎಳೆದುಕೊಳ್ಳುತ್ತದೆ. ಒಂದು ಕಿಂಡಿಯಾಗುತ್ತದೆ. ಬೆಳಕು ಬೀಳುತ್ತದೆ. ಹತ್ತು ವರ್ಷದಿಂದ ಮೊಣಕಾಲೆತ್ತರದಲ್ಲೇ ಕಾಯುತ್ತಾ ಕೂತ ಗಿಡ ಒಮ್ಮೆಲೇ ಮೇಲೇಳುತ್ತದೆ. ಬಿದ್ದ ಮರ ಅಲ್ಲೇ ಕೊಳೆಯುತ್ತದೆ, ಅದರ ಮೇಲೆ ಅಣಬೆ, ಗೆದ್ದಲು, ಮತ್ತೆ ಸಸಿ. ನೂರು ಎಕರೆ ಒಂದೇ ದಿನ ಬೋಳಾಗಿ, ಮರುದಿನ ಒಂದೇ ಜಾತಿಯ ಗಿಡ ಸಾಲಾಗಿ ಹುಟ್ಟುವುದು ನಮ್ಮ ಘಟ್ಟದ ಕಾಡಿಗೆ ಗೊತ್ತೇ ಇಲ್ಲದ ವಿಷಯ. ಹೊಸ ವನಕೃಷಿ ಎಂದರೆ ಆ ಗಾಳಿಯನ್ನು ನಕಲು ಮಾಡುವುದು. ಇಲ್ಲೊಂದು ಅಲ್ಲೊಂದು ಕಿಂಡಿ, ಒಂದು ದೊಡ್ಡದು ಒಂದು ಸಣ್ಣದು, ತಾಯಿಮರ ಬಿಡುವುದು, ಸತ್ತ ಮರ ಬಿಡುವುದು, ಜಾತಿ ಬೆರೆಸುವುದು.

ನಮ್ಮಲ್ಲಿ ಇದನ್ನು ಕಷ್ಟಪಟ್ಟೇ ಕಲಿತಿದ್ದೇವೆ, ಪೂರ್ತಿ ಕಲಿತೂ ಇಲ್ಲ. ಸಹಜ ಕಾಡು ಕಡಿದು ತೇಗ ಹಾಕುವುದನ್ನು ನೋಡಿ ನೋಡಿ ಸಾಕಾಗಿ, 1983ರ ಸೆಪ್ಟೆಂಬರ್ 8ರಂದು ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದುಹೋಗಿ ಮರ ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರು ಮುಂದೆ ನಿಂತ ಅಪ್ಪಿಕೊ ಚಳವಳಿಯ ಘೋಷಣೆ ‘ಉಳಿಸು, ಬೆಳೆಸು, ಬಳಸು’. ಮೂರನೇ ಪದವನ್ನು ಎಲ್ಲರೂ ಮರೆಯುತ್ತಾರೆ. ಬಳಸಬೇಡಿ ಎಂದು ಅವರು ಹೇಳಲಿಲ್ಲ.

ಜಾತಿ ಬೆರೆಸುವುದರಿಂದ ಏನು ಲಾಭ ಎಂದು ಪರೀಕ್ಷೆಯಲ್ಲಿ ಕೇಳಿದರೆ ತೇಗದ ಉದಾಹರಣೆ ಕೊಡು. ಮುಂಗಾರು ಶುರುವಾಗುವ ಹೊತ್ತಿಗೆ ತೇಗದ ತೋಪಿಗೆ ಎಲೆ ತಿನ್ನುವ ಹುಳ ಬೀಳುತ್ತದೆ. ಕೆಲವೇ ದಿನದಲ್ಲಿ ಎಕರೆಗಟ್ಟಲೆ ಮರಗಳ ಚಿಗುರೆಲೆ ಖಾಲಿ. ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ, ಆದರೆ ಆ ವರ್ಷದ ಬೆಳವಣಿಗೆ ಹೋಯಿತು. ಹುಳುವಿಗೆ ಅದು ಮದುವೆ ಊಟದ ಪಂಕ್ತಿ, ಎಲೆಯಿಂದ ಎಲೆಗೆ ಹೋದರಾಯಿತು. ನಡುವೆ ಮತ್ತಿ, ಕಿಂದಳ, ಬೀಟೆ ಇದ್ದರೆ ಅಷ್ಟು ಸಲೀಸಾಗಿ ಊಟ ಸಿಗುವುದಿಲ್ಲ. ಅಡಿಕೆಗೆ ಎಲೆಚುಕ್ಕೆ ರೋಗ ಬಂದ ಮೇಲೆ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರೀ ಅಡಿಕೆಯವರು ತಲೆ ಮೇಲೆ ಕೈ ಹೊತ್ತಿದ್ದಾರೆ. ಮೆಣಸು, ಬಾಳೆ, ಏಲಕ್ಕಿ ಇಟ್ಟುಕೊಂಡವರು ಒಂದು ಕೈ ಮಾತ್ರ ಹೊತ್ತಿದ್ದಾರೆ.

ಇನ್ನೊಂದು ಕಥೆ ಕೇಳು, ಇದು ನಿನ್ನ ಪುಸ್ತಕದಲ್ಲಿ ಇರಲೇಬೇಕು. 1970ರ ದಶಕದಲ್ಲಿ ನಮ್ಮ ಬಿದಿರು ಕಾಗದದ ಕಾರ್ಖಾನೆಗಳಿಗೆ ಹೋಗಿ ಹೋಗಿ ಕಡಿಮೆಯಾಗುತ್ತಿತ್ತು. ಯಾಕೆ ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಜೊತೆಗಾರರನ್ನು ಕಟ್ಟಿಕೊಂಡು ಕಾಡು ಸುತ್ತಿದರು. ಹಿಂಡಿಲಿನ, ಅಂದರೆ ಬಿದಿರು ಮೆಳೆಯ, ಬುಡದಲ್ಲಿ ಹೆಣೆದುಕೊಂಡ ಮುಳ್ಳನ್ನು ಕಡಿದು ಸ್ವಚ್ಛ ಮಾಡಿದರೆ ಕಳಲೆ (ಬಿದಿರಿನ ಎಳೆ ಮೊಳಕೆ) ನೆಟ್ಟಗೆ ಏಳುತ್ತದೆ ಎಂಬುದು ಅರಣ್ಯಶಾಸ್ತ್ರದ ಲೆಕ್ಕ, ಹಾಗೇ ಮಾಡಿಸುತ್ತಿದ್ದರು. ಊರಿನವರು ಹೇಳಿದ್ದು ಬೇರೆ. ಮುಳ್ಳು ತೆಗೆದರೆ ಕಳಲೆಯನ್ನು ದನ, ಕಾಡುಪ್ರಾಣಿ ತಿಂದುಹಾಕುತ್ತವೆ ಎಂದು. ಅಳೆದು ನೋಡಿದರೆ ಊರಿನವರದೇ ಸರಿ. ಶಾಸ್ತ್ರ ತಪ್ಪು ಅಂತಲ್ಲ, ಶಾಸ್ತ್ರ ಬರೆದವರು ಹಿಂಡಿಲ ಪಕ್ಕ ಒಂದು ಮಳೆಗಾಲ ಕೂತಿರಲಿಲ್ಲ, ಅಷ್ಟೇ.

ಪ್ರಶ್ನೆ: ನಾನು ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಹತ್ತಿರ ಕೆಲಸದಲ್ಲಿದ್ದೇನೆ. ಇಲ್ಲಿ ಗುಡ್ಡಕ್ಕೆ ಗುಡ್ಡವೇ ಒಣಗಿ ನಿಂತ ಮರಗಳು. ಕಾಡು ನೋಡಿಕೊಳ್ಳುವುದರಲ್ಲಿ ಜರ್ಮನ್ನರು ಜಾಣರು ಎಂದು ಕೇಳಿದ್ದೆನಲ್ಲ? (ಮೂಲತಃ ತೀರ್ಥಹಳ್ಳಿಯವರು)

ಜಾಣರೇ. ಆದರೆ ಅವರ ಜಾಣತನದ ಸಾಲ ಈಗ ತೀರಿಸುತ್ತಿದ್ದಾರೆ.

ನೀವು ನೋಡುತ್ತಿರುವುದು ಸ್ಪ್ರೂಸ್ ಮರ. ಅಲ್ಲಿ ಗಣಿಗಳಿಗೆ ಮರ ಬೇಕಿತ್ತು, ಸ್ಪ್ರೂಸ್ ನೆಟ್ಟಗೆ, ಬೇಗ ಬೆಳೆಯುತ್ತದೆ. ಬೀಚ್ ಮರಗಳ ಜಾಗವನ್ನೂ ಅದು ಆಕ್ರಮಿಸಿತು. ಅದರ ಬೇರು ಆಳಕ್ಕೆ ಹೋಗುವುದಿಲ್ಲ. 2018ರಿಂದ ಸಾಲಾಗಿ ಬರ ಬಂತು, ನೀರಿಲ್ಲದ ಮರಕ್ಕೆ ಅಂಟು ಸುರಿಸಿ ಹುಳುವನ್ನು ಹೊರಗೆ ತಳ್ಳುವ ಶಕ್ತಿ ಹೋಯಿತು. ತೊಗಟೆ ಹುಳ ನುಗ್ಗಿತು. ಎಲ್ಲಾ ಒಂದೇ ಜಾತಿ, ಎಲ್ಲಾ ಹೆಚ್ಚುಕಡಿಮೆ ಒಂದೇ ವಯಸ್ಸು. ಮುಂದಿನದು ನಿಮ್ಮ ಕಣ್ಣ ಮುಂದಿದೆ.

ತಮಾಷೆ ಎಂದರೆ, 1864ರಲ್ಲಿ ಭಾರತದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥರಾಗಿ ಬಂದ ಡೀಟ್ರಿಚ್ ಬ್ರಾಂಡಿಸ್ ನಿಮ್ಮ ಆ ದೇಶದವರೇ, ಬಾನ್ ಊರಿನವರು. ಮರವನ್ನು ಲೆಕ್ಕ ಹಾಕಿ ಸರದಿಯಲ್ಲಿ ಕಡಿಯುವ ಪದ್ಧತಿ ನಮಗೆ ಬಂದದ್ದು ಆ ದಾರಿಯಲ್ಲಿ. ಆದರೆ ಬ್ರಾಂಡಿಸ್ ಕುರುಡರಾಗಿರಲಿಲ್ಲ. 1868ರಲ್ಲಿ ಸೊರಬದ ಕಾನುಗಳನ್ನು ನೋಡಿ ವರದಿ ಬರೆದವರಲ್ಲಿ ಅವರೂ ಒಬ್ಬರು. ಇನ್ನು ಜರ್ಮನಿಯಲ್ಲೇ 1920ರ ದಶಕದಲ್ಲಿ ಆಲ್ಫ್ರೆಡ್ ಮೋಲರ್ ಎಂಬವರು ‘ಡೌವರ್‌ವಾಲ್ಡ್’ ಎಂಬ ವಿಚಾರ ಹೇಳಿದರು. ಎಂದೂ ಬೋಳಾಗದ ಕಾಡು ಎಂದಿಟ್ಟುಕೊಳ್ಳಿ. ಬೇಕಾದ ಮರವನ್ನು ಒಂದೊಂದಾಗಿ ತೆಗೆಯಿರಿ, ನೆಲ ಯಾವತ್ತೂ ಬಿಸಿಲಿಗೆ ಬೀಳಬಾರದು ಎಂದು. ನಮ್ಮ ಇಲಾಖೆ ಜರ್ಮನ್ನರಿಂದ ಮೊದಲ ಪಾಠ ಕಲಿಯಿತು, ಎರಡನೇ ಪಾಠದ ಹೊತ್ತಿಗೆ ಶಾಲೆ ಬಿಟ್ಟಿತ್ತು.

ಒಣಮರಗಳ ಕೆಳಗೆ ಈ ವಸಂತದಲ್ಲಿ ಒಂದು ಸಲ ನಡೆಯಿರಿ. ರೋವನ್, ಬರ್ಚ್‌ನಂಥ ಅಲ್ಲಿನ ಕಾಡುಗಿಡಗಳು ತಾನಾಗಿ ಹುಟ್ಟಿರುತ್ತವೆ. ಊರ ಕಡೆಯ ಅಕೇಶಿಯಾ ತೋಪು ನೆನಪಾಗುತ್ತದೆ.

ಪ್ರಶ್ನೆ: ಕಾಫಿ ತೋಟಕ್ಕೆ ಸಿಲ್ವರ್ ಓಕ್ ಹಾಕಿದ್ದು ತಪ್ಪಾ? ಎಲ್ಲರೂ ಬೈಯುತ್ತಾರೆ, ಆದರೆ ಸಾಲ ತೀರಿಸಿದ್ದು ಅದೇ. (ಸೋಮವಾರಪೇಟೆಯ ಬೆಳೆಗಾರರು)

ತಪ್ಪು ಎನ್ನಲು ನಾನ್ಯಾರು? ಬೇಗ ಬೆಳೆಯುತ್ತದೆ, ಮೆಣಸು ಹಬ್ಬುತ್ತದೆ, ಕಡಿಯಲು ತಕರಾರಿಲ್ಲ. ಅನ್‌ರಿಡೀಮ್ಡ್ (ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ) ಜಾಗದಲ್ಲಿ ಬೀಟೆ ಬೆಳೆಸಿದರೆ ಮರದ ಹಕ್ಕೇ ಬೆಳೆಗಾರನದಲ್ಲ ಎಂದಾಗ ಬೀಟೆ ಬೆಳೆಸು ಎಂದು ಉಪದೇಶ ಮಾಡುವುದು ಸುಲಭ, ಬೆಳೆಸುವುದು ಕಷ್ಟ. ಕಾನೂನು ನಮ್ಮ ಮರವನ್ನು ಕಾಪಾಡಲು ಹೋಗಿ ಸಿಲ್ವರ್ ಓಕನ್ನು ಬೆಳೆಸಿತು ಎಂದು ನನಗೆ ಅನ್ನಿಸುತ್ತದೆ.

ಆದರೆ ಹಾಲುವಾಣದ ಗತಿ ನೆನಪಿಸಿಕೊಳ್ಳಿ. ಒಂದು ಕಾಲಕ್ಕೆ ತೋಟದ ಕೆಳನೆರಳು ಎಂದರೆ ಅದೇ. 2000ದ ದಶಕದ ಮಧ್ಯದಲ್ಲಿ ಹೊರಗಿನಿಂದ ಒಂದು ಸಣ್ಣ ಕಣಜ ಬಂತು, ಎಲೆಯಲ್ಲಿ ಗಂಟು ಕಟ್ಟಿಸಿತು, ಹಾಲುವಾಣ ಸೊರಗಿತು, ಅದಕ್ಕೆ ಹಬ್ಬಿಸಿದ ಮೆಣಸೂ ಸೊರಗಿತು. ನಾಳೆ ಸಿಲ್ವರ್ ಓಕಿಗೆ ಏನಾದರೂ ಬಂದರೆ ಎಷ್ಟು ಎಕರೆ ಒಂದೇ ಸಲ ಬಿಸಿಲಿಗೆ ಬೀಳುತ್ತದೆ, ಲೆಕ್ಕ ಹಾಕಿ.

ಇದ್ದ ಸಿಲ್ವರ್ ಓಕ್ ತೆಗೆಯಬೇಡಿ. ಕಳೆ ತೆಗೆಯುವವರಿಗೆ ಒಂದು ಮಾತು ಹೇಳಿ, ಅಷ್ಟೇ: ಹಲಸು, ಅತ್ತಿ, ಬಸರಿ, ಹೊನ್ನೆ ತಾನಾಗಿ ಹುಟ್ಟಿದ್ದು ಕಂಡರೆ ಕೀಳಬೇಡಿ, ಕೋಲು ಕಟ್ಟಿ ಎಂದು. ಸಿಲ್ವರ್ ಓಕ್ ಮಾರಾಟಕ್ಕೆ ಬಂದಾಗಲೆಲ್ಲ ಒಂದೊಂದು ಜಾಗವನ್ನು ಇವಕ್ಕೆ ಬಿಡಿ. ಅತ್ತಿ ಮರಕ್ಕೆ ದುಡ್ಡು ಬರುವುದಿಲ್ಲ ನಿಜ. ಆದರೆ ಹಣ್ಣಿಲ್ಲದ ಕಾಲದಲ್ಲೂ ಅದರಲ್ಲಿ ಹಣ್ಣಿರುತ್ತದೆ, ಹಕ್ಕಿ ಬರುತ್ತವೆ, ಬಂದ ಹಕ್ಕಿ ಬರಿಗೈಲಿ ಬರುವುದಿಲ್ಲ.

ಪ್ರಶ್ನೆ: ಸತ್ತು ನಿಂತ ಮರವನ್ನು ತೆಗೆಯದಿದ್ದರೆ ರೋಗ ಹರಡುತ್ತದಂತೆ, ಹೌದಾ? (ಯಲ್ಲಾಪುರ)

ನೂರಕ್ಕೆ ತೊಂಬತ್ತು ಸಲ ಇದನ್ನು ಹೇಳುವವನು ಆ ಮರ ಕೊಳ್ಳಲು ಬಂದವನಾಗಿರುತ್ತಾನೆ. (ತೊಂಬತ್ತು ನನ್ನ ಅಂದಾಜು, ಸಮೀಕ್ಷೆ ಅಲ್ಲ.) ದಾರಿ, ಮನೆ, ಕರೆಂಟು ತಂತಿ ಹತ್ತಿರ ಇದ್ದರೆ ತೆಗೆಯಿರಿ. ಉಳಿದ ಕಡೆ ಎಕರೆಗೆ ಎರಡು ಮೂರಾದರೂ ಬಿಡಿ. ಮರಕುಟಿಕ ತೂತು ಕೊರೆಯುತ್ತದೆ, ಅದು ಬಿಟ್ಟುಹೋದ ಮೇಲೆ ಗಿಳಿ ಬರುತ್ತದೆ, ಮೈನಾ ಬರುತ್ತದೆ, ಹಾರುಬೆಕ್ಕು ಬರುತ್ತದೆ. ಪೊಟರೆ ಬಿದ್ದ ಬದುಕಿರುವ ಮುದಿ ಮರ ಇದ್ದರೆ ಅದನ್ನಂತೂ ಮುಟ್ಟಲೇಬೇಡಿ. ಹೆಣ್ಣು ಮಂಗಟ್ಟೆ ಅಂಥ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ, ಗಂಡು ತಿಂಗಳುಗಟ್ಟಲೆ ಸಣ್ಣ ಸೀಳಿನಿಂದ ಹಣ್ಣು ತಿನ್ನಿಸುತ್ತದೆ. ಗೂಡನ್ನು ಅದು ಕಟ್ಟುವುದಿಲ್ಲ, ಹುಡುಕುತ್ತದೆ. ದಾಂಡೇಲಿಯಲ್ಲಿ 2011ರಲ್ಲಿ ಮಂಗಟ್ಟೆಗಾಗಿಯೇ ಸಂರಕ್ಷಣಾ ಮೀಸಲು ಮಾಡಿದ್ದಾರೆ. ಮೀಸಲಿನ ಹೊರಗೂ ಅವಕ್ಕೆ ಮನೆ ಬೇಕು.

ಪ್ರಶ್ನೆ: ನಮ್ಮ ಹೊಲದ ಅಂಚಿನಿಂದ ಶುರುವಾಗಿ ಕಾಡು ಪೂರ್ತಿ ಲಂಟಾನ. ಹೊಲದ ಕಡೆಯದನ್ನು ಜೆಸಿಬಿ ಹಾಕಿ ತೆಗೆಸಬಹುದಾ? ಬೆಂಕಿ ಹಾಕಿದರೆ ಹೇಗೆ? (ಹನೂರು)

ಎರಡೂ ಬೇಡ. ಜೆಸಿಬಿ ಮಣ್ಣು ಮಗುಚುತ್ತದೆ, ಮಗುಚಿದ ಮಣ್ಣಿನಲ್ಲಿ ಮತ್ತೆ ಲಂಟಾನವೇ ಮೊಳೆಯುತ್ತದೆ. ಬೆಂಕಿ ಹಾಕುವುದು ಅಪರಾಧ, ಅದೂ ಅಲ್ಲದೆ ಲಂಟಾನಕ್ಕೆ ಹತ್ತಿದ ಬೆಂಕಿ ಮರದ ನೆತ್ತಿವರೆಗೂ ಹೋಗುತ್ತದೆ.

ಬೆಂಕಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರು ‘ತರಗು ಬೆಂಕಿ’ ಎನ್ನುತ್ತಾರೆ. ಬೇಸಿಗೆ ಏರುವ ಮೊದಲೇ ನೆಲದ ತರಗೆಲೆಗೆ ಮಾತ್ರ ಹತ್ತಿ, ಬೇಗ ಆರಿಹೋಗುವ ಸಣ್ಣ ಬೆಂಕಿ. ಹುಲ್ಲು ಚಿಗುರುತ್ತಿತ್ತು, ಎಳೆಯ ಲಂಟಾನ ಸಾಯುತ್ತಿತ್ತು, ನೆಲ್ಲಿ ಮರದ ಮೇಲೆ ಬೆಳೆಯುವ ಉಪ್ಪಿಲು ಎಂಬ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತು ಎಂಬುದು ಅವರ ಮಾತು. 1974ರಲ್ಲಿ ಆ ಕಾಡು ಅಭಯಾರಣ್ಯವಾಯಿತು, ಬೆಂಕಿ ನಿಂತಿತು, ಲಂಟಾನ ಬೆಳೆಯಿತು. ಬೆಂಕಿ ನಿಂತಿದ್ದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಇದನ್ನು ಸಂಶೋಧಕರೂ ಸೋಲಿಗರ ಜೊತೆ ಕೂತು ಅಧ್ಯಯನ ಮಾಡಿ, ಅವರ ಮಾತಿನಲ್ಲಿ ಹುರುಳಿದೆ ಎಂದಿದ್ದಾರೆ. ಲಂಟಾನ ಎದೆಯೆತ್ತರ ಬೆಳೆದ ಈ ಹೊತ್ತಿನಲ್ಲಿ ಮಾತ್ರ ಆ ಹಳೇ ಬೆಂಕಿಯನ್ನು ಹಾಗೇ ತಿರುಗಿ ತರಲು ಬರುವುದಿಲ್ಲ. ಸಣ್ಣ ಬೆಂಕಿ ಸಣ್ಣದಾಗಿ ಉಳಿಯುವುದಿಲ್ಲ.

ಹೊಲದ ಅಂಚಿಗೆ ಕೈಕೆಲಸವೇ ಸರಿ. ಬುಡದ ಸುತ್ತ ಸ್ವಲ್ಪ ಮಣ್ಣು ಸರಿಸಿ, ನೆಲಮಟ್ಟಕ್ಕಿಂತ ಎರಡು ಇಂಚು ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ತಲೆಕೆಳಗು ಮಾಡಿ ಒಣಗಲು ಬಿಡಿ. ನೆಲದ ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ, ಕೆಳಗೆ ಕಡಿದರೆ ಚಿಗುರುವುದು ಕಡಿಮೆ. ಹಣ್ಣಾಗುವ ಮೊದಲು ಮಾಡಿ. ಮುಂದಿನ ಎರಡು ಮೂರು ಮಳೆಗಾಲ ಎಳೆಸಸಿ ಕೀಳಬೇಕು, ಇದನ್ನು ಬಿಟ್ಟರೆ ಮೊದಲಿನದೆಲ್ಲ ದಂಡ. ಖಾಲಿಯಾದ ಜಾಗಕ್ಕೆ ಊರಿನ ಹುಲ್ಲಿನ ಬೀಜ ಚೆಲ್ಲಿ. ಕಡ್ಡಿಯನ್ನು ಎಸೆಯಬೇಡಿ, ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದರಿಂದ ಕುರ್ಚಿ, ಮೇಜು ಹೆಣೆಯುತ್ತಾರೆ.

ಪ್ರಶ್ನೆ: ನಮ್ಮೂರ ಗೋಮಾಳದಲ್ಲಿ ಕಂಪನಿಯೊಂದು ಮಿಯಾವಾಕಿ ಕಾಡು ಮಾಡಿಕೊಡುತ್ತದಂತೆ. ಒಪ್ಪಿಕೊಳ್ಳೋಣವಾ? (ಹಾವೇರಿ ಜಿಲ್ಲೆಯ ಗ್ರಾಮ ಪಂಚಾಯಿತಿ ಸದಸ್ಯರು)

ಊರ ಶಾಲೆಯ ಹಿಂದೆ ಮೂಲೆಯಲ್ಲಿ ಹತ್ತು ಗುಂಟೆ ಕೊಡಿ. ಗೋಮಾಳ ಬೇಡ. ಚದರ ಮೀಟರಿಗೆ ಮೂರು ನಾಲ್ಕು ಸಸಿ ಒತ್ತೊತ್ತಾಗಿ ನೆಡುವ ಆ ಜಪಾನಿ ವಿಧಾನ ಪೇಟೆಯ ಸಣ್ಣ ಜಾಗಕ್ಕೆ ಚೆಂದ. ಹುಲ್ಲುಗಾವಲು ‘ಖಾಲಿ ಜಾಗ’ ಅಲ್ಲ. ನಿಮ್ಮ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಧಾಮಕ್ಕೇ ಹೋಗಿ ನೋಡಿ. ಹುಲ್ಲಿನಲ್ಲಿ ಓಡುವ ಪ್ರಾಣಿಯ ಮನೆಯಲ್ಲಿ ನೀಲಗಿರಿ ನೆಟ್ಟರು. ಎರೆಭೂತ ಹಕ್ಕಿ ಎಂದು ನಿಮ್ಮ ಕಡೆ ಕರೆಯುವ ದೊಡ್ಡ ಹಕ್ಕಿಗೆ ಅಲ್ಲಿ ಕಾಲಿಡಲು ಬಯಲೇ ಉಳಿಯಲಿಲ್ಲ. ನೀಲಗಿರಿ ನೆಡುವುದಕ್ಕೆ ಸರ್ಕಾರ 2017ರಲ್ಲಿ ತಡೆ ಹಾಕಿತು. ಮರ ನೆಡದೇ ಇರುವುದೂ ಕೆಲವು ಕಡೆ ಪರಿಸರದ ಕೆಲಸವೇ ಎಂದು ಕಂಪನಿಯವರಿಗೆ ಹೇಳಿ. ಫೋಟೋ ಸಿಗುವುದಿಲ್ಲ ಎಂದು ಅವರು ಒಪ್ಪಲಿಕ್ಕಿಲ್ಲ.

ಪ್ರಶ್ನೆ: ಧೂಪದ ಬೀಜ ಸಂಗ್ರಹಿಸಿ ಎರಡು ವರ್ಷದಿಂದ ಗಾಳಿಯಾಡದ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದೇನೆ. ಈ ಸಲ ಬಿತ್ತಿದರೆ ಒಂದೂ ಮೊಳೆಯಲಿಲ್ಲ. (ಹೊಸನಗರ)

ಮೊಳೆಯುವುದಿಲ್ಲ ತಾಯಿ, ಅವು ಎರಡು ವರ್ಷದ ಹಿಂದೆಯೇ ಸತ್ತಿವೆ. ಧೂಪ, ಬೋಗಿ, ಹಲಸು, ನೇರಳೆ, ರಾಮಪತ್ರೆ ಇಂಥ ಮಳೆಕಾಡಿನ ಬೀಜಗಳು ಒಣಗಿದರೆ ಮುಗಿಯಿತು. ಮಳೆ ಬರುವ ಹೊತ್ತಿಗೆ ಬೀಳುತ್ತವೆ, ಬಿದ್ದ ಕೂಡಲೇ ಮೊಳೆಯುತ್ತವೆ, ಕಾಯುವ ಅಭ್ಯಾಸ ಅವಕ್ಕಿಲ್ಲ. ಮರದ ಬುಡದಲ್ಲಿ ಬಿದ್ದದ್ದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು, ಅದೇ ವಾರ ನೆರಳಿನ ಮಡಿಯಲ್ಲಿ ಊರಿ. ಹೊನ್ನೆ, ಮತ್ತಿಯಂಥವನ್ನು ಒಣಗಿಸಿ ಕೆಲವು ತಿಂಗಳು ಇಡಬಹುದು. ತೇಗದ ಬೀಜವನ್ನಂತೂ ನೆನೆಸಿ ಒಣಗಿಸಿ, ನೆನೆಸಿ ಒಣಗಿಸಿ ಗೋಳು ಹೊಯ್ದುಕೊಂಡ ಮೇಲೇ ಅದು ಬಾಯಿ ಬಿಡುವುದು. ಒಂದೇ ಮರದ ಬುಡದಿಂದ ಎಲ್ಲಾ ಬೀಜ ಆರಿಸಬೇಡಿ, ದೂರ ದೂರದ ಹತ್ತು ಮರದಿಂದ ಸ್ವಲ್ಪ ಸ್ವಲ್ಪ ತನ್ನಿ. ಉಪ್ಪಾಗೆ, ಮುರುಗಲು ಹಾಕುವುದಾದರೆ ಅದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ನಾಲ್ಕೈದು ಸಸಿಯಾದರೂ ಇರಲಿ, ಒಂದೇ ನೆಟ್ಟು ಹಣ್ಣಿಗೆ ಕಾಯಬೇಡಿ.

ಆ ಡಬ್ಬಿಯಲ್ಲಿ ಗಾಳಿಯಾಡುವುದಿಲ್ಲ ಅಂದಿರಲ್ಲ. ಮುಂದಿನ ಸಲ ಅದಕ್ಕೆ ಅಪ್ಪೆಮಿಡಿ ಹಾಕಿ.